ಕೋಳಿಗಿಂತ ಹಗುರವಾದ ಮನೆ

ನಮ್ಮ ಸೋದರಮಾವ ಕೋಳಿ ತಿಂದವನಲ್ಲ, ಸಾಕಿದವನಲ್ಲ. ಓಣಿಯಲ್ಲಿ ಕೋಳಿ ಅಡ್ಡ ಬಂದರೆ ಲುಂಗಿ ಎತ್ತಿ ಹಿಡಿದು ಪಕ್ಕಕ್ಕೆ ಸರಿಯುವ ಮನುಷ್ಯ. ಕೊರಳಲ್ಲಿ ಲಿಂಗವಿದೆ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇದೆ. ಆದರೂ ಈ ಲೋಕದ ಸಕಲ ವಸ್ತುಗಳನ್ನೂ ಅವನು ತೂಗುವುದು ಕೋಳಿಯ ಲೆಕ್ಕದಲ್ಲೇ! ನಿಮ್ಮ ಮೊಮ್ಮಗು ಹುಟ್ಟಿದಾಗ ಎಷ್ಟು ತೂಕವಿತ್ತೆಂದು ಹೆಮ್ಮೆಯಿಂದ ಹೇಳಿ ನೋಡಿ. ಮಾವ ಅರೆಗಣ್ಣು ಮುಚ್ಚಿ ಯೋಚಿಸಿ, "ಹಂಗಂದ್ರ ಎರಡು ಕೋಳಿ" ಎನ್ನುತ್ತಾನೆ. ಆ ಮನೆಯವರು ನಾಮಕರಣಕ್ಕೆ ನಮ್ಮನ್ನು ಕರೆಯುವುದಿಲ್ಲ.

ಕಾರಣ ಇಲ್ಲದೇ ಇಲ್ಲ. ಮಾವ ಮೂವತ್ತನಾಲ್ಕು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಈ ಐದು ಊರುಗಳ ನಡುವಿನ ಧೂಳನ್ನು ಅವನಷ್ಟು ನುಂಗಿದವರು ಇನ್ನೊಬ್ಬರಿಲ್ಲ. ಕೋಳಿಗೆ ಅರ್ಧ ಟಿಕೆಟ್ ಹರಿಯುವುದು ಅವನ ಉದ್ಯೋಗದ ಒಂದು ಭಾಗ. ಸಂತೆಯ ದಿನ ಸೀಟಿನ ಕೆಳಗಿನ ಚೀಲವನ್ನು ಕಾಲಿನಿಂದ ಮೆಲ್ಲಗೆ ಸರಿಸಿಯೇ ಒಳಗಿರುವುದು ಕೋಳಿಯೋ ಬದನೆಕಾಯಿಯೋ ಎಂದು ಹೇಳುತ್ತಿದ್ದನಂತೆ. 'ಅಂತೆ' ಎಂದೆ, ಗಮನಿಸಿ. ನನ್ನನ್ನು ವಿಶ್ವವಿದ್ಯಾಲಯದಲ್ಲಿ, ಕಂಡದ್ದನ್ನೂ ಅನುಮಾನಿಸು ಎಂದು ಕಲಿಸಿ ಕಳಿಸಿದ್ದಾರೆ. ಕಷ್ಟ ಏನೆಂದರೆ, ಈಚೆಗೆ ನಾನು ಕಂಡದ್ದು ಯಾವುದು, ನಮ್ಮವ್ವ ಹೇಳಿದ್ದು ಯಾವುದು ಎಂದೇ ನನಗೆ ಬಿಡಿಸಲು ಬರುತ್ತಿಲ್ಲ. ಆದ್ದರಿಂದ ಇಲ್ಲಿರುವುದರಲ್ಲಿ ಮುಕ್ಕಾಲು ಪಾಲು ನಿಜ. ಯಾವ ಮುಕ್ಕಾಲು ಎಂದು ಮಾತ್ರ ಕೇಳಬೇಡಿ.

ಹಿರಿಯನಿಗೆ ಏಕವಚನವೇ ಎಂದು ಮುಖ ಸಿಂಡರಿಸುವವರಿಗೆ ಒಂದು ಮಾತು. ಒಮ್ಮೆ ನಾನು ಮರ್ಯಾದೆಯಿಂದ "ಮಾವನವರು ಬಂದರು" ಎಂದೆ. ಮಾವ ತಿರುಗಿ ಬಾಗಿಲ ಕಡೆ ನೋಡಿ, "ಯಾರ್ ಬಂದ್ರಲೇ?" ಎಂದು ಕೇಳಿದ. ಅಲ್ಲಿಗೆ ಬಹುವಚನ ಬಿಟ್ಟೆ.

ಇಂಥ ಮಾವ ನಿವೃತ್ತನಾದ. ಹಾರ ಹಾಕಿಸಿಕೊಂಡು ಕೂಡ್ಲಿಗಿಯ ಮನೆಗೆ ಬಂದ, ಉಂಡ, ಹಾಸಿಗೆ ಹಾಸಿಕೊಂಡ. ನಿದ್ರೆ ಬರಲಿಲ್ಲ! ಅಂದು ಬರಲಿಲ್ಲ, ಮರುದಿನ ಬರಲಿಲ್ಲ, ಮೂರು ತಿಂಗಳಾದರೂ ಬರಲಿಲ್ಲ. ಕಂಡಕ್ಟರನ ಬಾಳಿನಲ್ಲಿ ನೈಟ್ ಹಾಲ್ಟ್ ಎಂಬುದೊಂದಿದೆ. ಕೊನೆಯ ಬಸ್ಸು ಯಾವುದೋ ಹಳ್ಳಿಯಲ್ಲಿ ಉಳಿದು, ಬೆಳಿಗ್ಗೆ ಅದೇ ಮೊದಲ ಬಸ್ಸಾಗಿ ಹೊರಡುತ್ತದೆ. ಡ್ರೈವರ್, ಕಂಡಕ್ಟರ್ ಇಬ್ಬರೂ ಬಸ್ಸಿನಲ್ಲೇ ಮಲಗಬೇಕು. ಹೀಗೆ ಬಾಗಳಿಯಲ್ಲೊಂದು ರಾತ್ರಿ, ಕೋಗಳಿಯಲ್ಲೊಂದು ರಾತ್ರಿ ಎಂದು ಕೊನೆಯ ಸೀಟಿನ ಮೇಲೆ, ಬೇಸಿಗೆಯಾದರೆ ಬಸ್ಸಿನ ತಲೆಯ ಮೇಲೆ, ಮಲಗಿ ಮಲಗಿ ಅವನ ದೇಹಕ್ಕೆ ಗೋಡೆ ಎಂದರೆ ಆಗದಂತಾಗಿತ್ತು. "ಗ್ವಾಡಿ ನಡುವ ಉಸರ ಹಿಡದಂಗ ಆಗತೈತಿ" ಎನ್ನುತ್ತಿದ್ದ. ಹಾಗಾದರೆ ಮಾಳಿಗೆಯ ಮೇಲೆ ಮಲಗು ಎಂದೆವು. ಅಲ್ಲೂ ಬರಲಿಲ್ಲ. ಮಾಳಿಗೆ ಅಲುಗಾಡುವುದಿಲ್ಲವಲ್ಲ!

ಕಡೆಗೆ ಎದುರುಮನೆಯವರ ಟೊಮ್ಯಾಟೊ ಸಾಗಿಸುವ ಟೆಂಪೋದ ಹಿಂಭಾಗಕ್ಕೆ ಯಾರಿಗೂ ಹೇಳದೆ ಹೋಗಿ ಮಲಗಿದ. ಬಂತು ನೋಡಿ ನಿದ್ರೆ, ಮೂರು ತಿಂಗಳ ಬಾಕಿಯೆಲ್ಲ ಸೇರಿ! ಟೆಂಪೋದವನಿಗೆ ಇದೇನು ಗೊತ್ತು? ನಸುಕಿನಲ್ಲಿ ಗಾಡಿ ಹೊಡೆದುಕೊಂಡು ಹಗರಿಬೊಮ್ಮನಹಳ್ಳಿಯ ಮಾರುಕಟ್ಟೆಗೆ ಹೋದ. ಹಮಾಲರು ಬುಟ್ಟಿ ಇಳಿಸಲು ಹಿಂದಿನ ಬಾಗಿಲು ತೆಗೆದರೆ ಬುಟ್ಟಿಗಳ ನಡುವೆ ವಿಭೂತಿ ಹಚ್ಚಿಕೊಂಡ ಹಿರಿಯರೊಬ್ಬರು! ಹಮಾಲರು ಕಿರುಚಿಕೊಂಡ ಸದ್ದಿಗೆ ಎಚ್ಚರಗೊಂಡ ಮಾವ ಕಣ್ಣುಜ್ಜಿಕೊಳ್ಳುತ್ತ ಕೇಳಿದ್ದು ಒಂದೇ ಮಾತು: "ಇಲ್ಲಿ ಎಷ್ಟ ಮಂದಿ ಇಳಿಯೋರದೀರಿ?"

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಅತ್ತೆಗೆ ಬೈಯಲು ದನಿ ಏರಿಸುವ ಅಗತ್ಯ ಬೀಳುವುದಿಲ್ಲ.

"ಮೂವತ್ನಾಕು ವರ್ಷ ಬಸ್ಸಿನ ಜೋಡಿ ಸಂಸಾರ ಮಾಡಿದ್ರಿ. ಸರಕಾರದ್ದು ಅಂತ ಸುಮ್ಮನಿದ್ದೆ. ಈಗ ಟೊಮ್ಯಾಟೊ ಗಾಡಿ ಜೋಡಿನೂ ಶುರು ಮಾಡಿದ್ರೇನು?"

ಮಾವ ಬೂದಿ ಮುಚ್ಚಿದ ಕೆಂಡದ ಹಾಗೆ ಸುಮ್ಮನಾದ. ಸುಮ್ಮನಾದನೇ ಹೊರತು ಕೆಂಡ ಆರಲಿಲ್ಲ.

ಇದಾಗಿ ಸ್ವಲ್ಪ ದಿನಕ್ಕೆ ನಾವಿಬ್ಬರೂ ಯಾವುದೋ ಕೆಲಸಕ್ಕೆ ಕಾನಹೊಸಹಳ್ಳಿಗೆ ಹೋಗಿದ್ದೆವು. ಹೆದ್ದಾರಿಯ ಪಕ್ಕ, ಚಹದಂಗಡಿಯ ಹಿಂದೆ, ಸೈಕಲ್ ಮೇಲೆ ದೇಶ ಸುತ್ತುವ ಒಬ್ಬ ಹುಡುಗಿ ತನ್ನ ಗುಡಾರ ಬಿಚ್ಚುತ್ತಿದ್ದಳು. ನಾವು ಚಹ ಹೇಳುವಾಗ ಅಲ್ಲೊಂದು ಮನೆ ನಿಂತಿತ್ತು. ಚಹ ಕುಡಿದು ಲೋಟ ಇಡುವಷ್ಟರಲ್ಲಿ ಅದು ಮಡಚಿ, ಸುತ್ತಿ, ಒಂದು ಸಣ್ಣ ಚೀಲದೊಳಗೆ ಹೋಗಿ ಕುಳಿತಿತ್ತು. ಮಾವ ಎದ್ದ. ಹೋದ. ಕೇಳದೆಯೇ ಚೀಲ ಎತ್ತಿದ. ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ತೂಗಿದ. ನನ್ನ ಕಡೆ ತಿರುಗಿದಾಗ ಅವನ ಮುಖದಲ್ಲಿ ಸಾಕ್ಷಾತ್ಕಾರವಾದವರ ಕಳೆ ಇತ್ತು.

"ಅಳಿಯಾ! ಕೋಳಿಗಿಂತ ಹಗುರಲೇ!"

ಆ ಹುಡುಗಿ ಇದನ್ನು ಏನೆಂದು ಅರ್ಥ ಮಾಡಿಕೊಂಡಳೋ, ಚೀಲ ಕಸಿದುಕೊಂಡು ಸೈಕಲ್ ಹತ್ತಿ ಹೋಗಿಬಿಟ್ಟಳು.

ಬರುವ ದಾರಿಯಲ್ಲೇ ಮಾವನ ಯೋಜನೆ ಸಿದ್ಧವಾಯಿತು. ಬೆನ್ನಿಗೊಂದು ಚೀಲ, ಚೀಲದಲ್ಲೊಂದು ಮನೆ. ತಾನು ಬಸ್ಸಿನಲ್ಲಿ ಓಡಾಡಿದ ಐದೂ ತಾಲೂಕುಗಳನ್ನು ನಡೆದು ಸುತ್ತುವುದು, ಸಂಜೆಯಾದಲ್ಲಿ ಗೂಟ ಹೊಡೆದು ಮಲಗುವುದು. ಗಾಳಿಗೆ ಗುಡಾರ ಅಲುಗಾಡುತ್ತದೆ, ನಿದ್ರೆ ತಾನಾಗಿ ಬರುತ್ತದೆ. ಅಡ್ಡಿ ಒಂದೇ, ಮೊಣಕಾಲು. ದಶಕಗಟ್ಟಲೆ ಅಲುಗುವ ಬಸ್ಸಿನಲ್ಲಿ ನಿಂತ ಮೊಣಕಾಲುಗಳನ್ನು ಡಾಕ್ಟರು ಒತ್ತಿ ನೋಡಿ, "ನಡೀರಿ, ಒಳ್ಳೇದು. ಆದ್ರ ಬೆನ್ನ ಮ್ಯಾಲ ಐದು ಕಿಲೋಕ್ಕಿಂತ ಒಂದು ಗ್ರಾಮೂ ಹೆಚ್ಚು ಇರಬಾರದು" ಎಂದರು.

"ಮೂರು ಕೋಳಿ" ಎಂದ ಮಾವ.

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಎಲುಬಿನ ಚಿತ್ರ ನೋಡಿದೆ.

ಬಟ್ಟೆ ಹೊದಿಕೆಗೆ ಒಂದು ಕೋಳಿ, ನೀರು ಬುತ್ತಿಗೆ ಒಂದು ಕೋಳಿ, ಮನೆಗೆ ಒಂದು ಕೋಳಿ. ಹೀಗೆ ಹಂಚಿಕೆಯಾಯಿತು. ಅತ್ತೆಗೆ ವಿಷಯ ತಿಳಿಸಿದಾಗ ಅವಳು ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು.

"ಅಂದ್ರ ರಿಟೈರ್ ಆದಮ್ಯಾಲೂ ನೈಟ್ ಹಾಲ್ಟು" ಎಂದಳು.

"ನಿದ್ದಿ ಬರ್ಲಿ ಅಂತ ಮಾರಾಯ್ತಿ."

"ಗುಡೇಕೋಟಿ ಕಡಿಂದ ಕರಡಿ ಬರ್ತಾವ. ಬಂದ್ರ ಏನ್ ಮಾಡ್ತೀರಿ?"

"ಟಿಕೆಟ್ ಕೇಳ್ತೀನಿ."

ಅತ್ತೆ ನಗಲಿಲ್ಲ. ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಗುಡಾರ ಆರಿಸುವ ಕೆಲಸಕ್ಕೆ, ಓದಿದವನೆಂಬ ಒಂದೇ ತಪ್ಪಿಗೆ, ನನ್ನನ್ನು ಹಚ್ಚಲಾಯಿತು. ಮೊದಲು ಕೊಟ್ಟೂರಿನ ಅಂಗಡಿಯೊಂದರಲ್ಲಿ ತಾಡಪಾಲು ನೋಡಿದೆವು. ಅಂಗಡಿಯವನು ಹುಮ್ಮಸ್ಸಿನಿಂದ ಬೀದಿಯುದ್ದಕ್ಕೂ ಹಾಸಿ ತೋರಿಸಿದ.

"ಮೂವತ್ತು ಚೀಲ ಮೆಕ್ಕಿಜೋಳ ಮುಚ್ಚಬೋದ್ರಿ ಯಜಮಾನ್ರ!"

"ನಾನು ಒಬ್ಬನ ಅದೀನಪ್ಪ" ಎಂದ ಮಾವ ಅದರ ಒಂದು ಮೂಲೆ ಎತ್ತಿ ನೋಡಿ, "ಏಳು ಕೋಳಿ" ಎಂದು ಕೆಳಗೆ ಬಿಟ್ಟ. ಅಂಗಡಿಯವನು, "ಕೋಳಿ ಫಾರಂಗೆ ಬೇಕಾಗಿತ್ತಾ? ಮದ್ಲ ಹೇಳಬಾರದ್ರಿ?" ಎಂದು ಬೇರೆ ಬಲೆಗಳನ್ನು ಹೊರತೆಗೆಯತೊಡಗಿದ.

ಆಮೇಲೆ ಮೊಬೈಲಿನಲ್ಲಿ ಹುಡುಕಿ ಎರಡು ಮರಗಳ ನಡುವೆ ಕಟ್ಟುವ ಜೋಲಿ ತರಿಸಿದೆ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು, ಕಾಲು ಕೋಳಿಯೂ ಆಗದು. ಆದರೆ ನಮ್ಮ ಸೀಮೆಯಲ್ಲಿ ಎರಡು ಮರಗಳು ಹತ್ತಡಿ ಅಂತರದಲ್ಲಿ ಹೇಳಿ ಮಾಡಿಸಿದಂತೆ ನಿಂತಿರುವುದನ್ನು ಯಾರಾದರೂ ಕಂಡಿದ್ದೀರಾ? ಒಂದು ಬೇವು ಇಲ್ಲಿದ್ದರೆ ಅದರ ಬೀಗರು ಮುಂದಿನ ಹಳ್ಳಿಯಲ್ಲಿರುತ್ತಾರೆ. ಕೊನೆಗೆ ಹಿತ್ತಲಿನ ನುಗ್ಗೆಮರಕ್ಕೂ ಬಚ್ಚಲ ಕಿಟಕಿಗೂ ಕಟ್ಟಿ ಮಾವ ಹತ್ತಿ ಮಲಗಿದ. ಅತ್ತೆ ಬಂದು ಒಂದು ಬದಿಯಿಂದ ತೂಗಿ, "ಹೆಸರೇನಿಡೋಣ್ರಿ?" ಎಂದಳು. ನುಗ್ಗೆಮರ ಎಂಥ ಮರವೆಂದು ನಿಮಗೆ ಗೊತ್ತು. ಹೆಸರಿಡುವ ಮೊದಲೇ ಕೂಸು ನೆಲಕ್ಕೆ ಬಿತ್ತು.

ಮೂರನೆಯದು, ಒಬ್ಬ ಮನುಷ್ಯ ತೂರಿಕೊಂಡು ಕೊರಳವರೆಗೆ ಜಿಪ್ ಎಳೆದುಕೊಳ್ಳುವ ಉದ್ದನೆಯ ಚೀಲ. ಮಾವ ನಡುಮನೆಯಲ್ಲಿ ಅದರೊಳಗೆ ಹೊಕ್ಕು ಅಂಗಾತ ಮಲಗಿದ. ಅತ್ತೆ ಒಳಬಂದವಳು ಹೊಸ್ತಿಲ ಮೇಲೆಯೇ ಕಲ್ಲಿನಂತೆ ನಿಂತಳು.

"ಇಂಥಾ ಚೀಲದಾಗ ಮನಷ್ಯಾರನ್ನ ದವಾಖಾನಿಂದ ತರ್ತಾರ. ಈಗಿಂದೀಗ ಹೊರಗ ಬರ್ರಿ!"

ಜಿಪ್ ಸಿಕ್ಕಿಹಾಕಿಕೊಂಡಿತ್ತು. ಮಾವ ಅವಳ ಹಿಂದೆ ಅಡಿಗೆಮನೆಯತನಕ ಕುಪ್ಪಳಿಸಿಕೊಂಡು ಹೋಗಿ ಕ್ಷಮೆ ಕೇಳಿದ.

ನಾಲ್ಕನೆಯದು ನಿಜವಾದ ಗುಡಾರ, ಒಬ್ಬರದು. ಎರಡು ಕಡ್ಡಿ, ಎಂಟು ಗೂಟ, ತೆಳುವಾದ ಹಸಿರು ನೈಲಾನ್ ಬಟ್ಟೆ. ಪೆಟ್ಟಿಗೆಯ ಮೇಲೆ ಅದರ ತೂಕ ಅಚ್ಚು ಹಾಕಿದ್ದರು. ಮಾವ ನಂಬಲಿಲ್ಲ. ಈ ವಿಷಯದಲ್ಲಿ ಅವನು ನನಗಿಂತ ದೊಡ್ಡ ಸಂಶಯವಾದಿ. ಹಿಂದಿನ ಓಣಿಯ ಹುಲಿಗೆವ್ವನನ್ನು ಕೋಳಿ ಸಮೇತ ಕರೆಸಿದ. ತಾನು ಮುಟ್ಟುವಂತಿಲ್ಲವಾದ್ದರಿಂದ ನನ್ನ ಬಲಗೈಯಲ್ಲಿ ಗುಡಾರ, ಎಡಗೈಯಲ್ಲಿ ಕೋಳಿ ಇಟ್ಟು, "ಖರೇ ಹೇಳು, ಯಾವುದು ಹಗುರ?" ಎಂದ. ಉನ್ನತ ಶಿಕ್ಷಣ ಪಡೆದು ಇಂಥ ಗತಿ ಬಂದವರು ಇನ್ನಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಗುಡಾರವೇ ಹಗುರವೆಂದು ತೀರ್ಪು ಕೊಟ್ಟೆ. ಆ ಸಂಭ್ರಮದಲ್ಲಿ ಅಂಗಳದಲ್ಲೇ ಅದನ್ನು ನಿಲ್ಲಿಸಿದೆವು. ಅಷ್ಟರಲ್ಲಿ ಕೋಳಿ ನನ್ನ ಕೈ ಕೊಡವಿಕೊಂಡು ನೇರವಾಗಿ ಒಳಗೆ ನುಗ್ಗಿತು. ಅದನ್ನು ಹಿಡಿದು ಹೊರತರುವಷ್ಟರಲ್ಲಿ ಒಳಗೊಂದು ಮೊಟ್ಟೆ ಇಟ್ಟಿತ್ತು. ಹಾಗೆಂದು ನಾನು ಹೇಳುತ್ತೇನೆ. ಮೊಟ್ಟೆ ಗಿಟ್ಟೆ ಏನೂ ಇರಲಿಲ್ಲ ಎಂದು ಅತ್ತೆ ಹೇಳುತ್ತಾಳೆ. ಎರಡು ಮೊಟ್ಟೆ ಎಂದು ಹುಲಿಗೆವ್ವ ಹೇಳುತ್ತಾಳೆ. ಇತಿಹಾಸ ಬರೆಯುವವರ ಕಷ್ಟ ನನಗೆ ಅಂದು ಅರ್ಥವಾಯಿತು.

ಅತ್ತೆ ಮಾತ್ರ ಹಟ ಹಿಡಿದಳು. "ಕೋಳಿ ಹೊಕ್ಕ ಮನಿ. ಅಯ್ನೋರ್ನ ಕರಸಿ ಪೂಜಿ ಮಾಡಿ ಹಾಲು ಉಕ್ಕಿಸೋತನಕ ಇದರಾಗ ನೀವು ಮಲಗಂಗಿಲ್ಲ." ಗುಡಾರಕ್ಕೆ ಗೃಹಪ್ರವೇಶ! ಮಾವ ಬೇಡವೆನ್ನಲಿಲ್ಲ. ಅವನಿಗೂ ಒಳಗೊಳಗೆ ಹೌದೆನಿಸಿತ್ತು. ಜೀವನವೆಲ್ಲ ಬಾಡಿಗೆ ಮನೆಯಲ್ಲಿ ಕಳೆದವನಿಗೆ ಇದೇ ಮೊದಲ ಸ್ವಂತ ಮನೆ.

ಅಯ್ಯನವರು ಬಂದರು. ಸುತ್ತ ಒಂದು ಸಲ ನಡೆದು, "ಬಾಗಲಾ ದಕ್ಷಿಣಕ್ಕ ಐತಲ್ರಿ. ಆಗಿ ಬರಂಗಿಲ್ಲ" ಎಂದು ಆಕ್ಷೇಪಿಸಿ ಒಳಗೆ ಹೋಗಿ ಕುಳಿತರು.

"ನೀವು ಕುಂದರ್ರಿ ಅಯ್ನೋರ, ಎತ್ತ ಬೇಕು ಹೇಳ್ರಿ" ಎಂದ ಮಾವ ಗೂಟ ಕಿತ್ತು, ಅಯ್ಯನವರು ಒಳಗಿದ್ದಂತೆಯೇ ಮನೆಯನ್ನು ಪೂರ್ವಕ್ಕೆ ತಿರುಗಿಸತೊಡಗಿದ. ಅಯ್ಯನವರು ಕುಳಿತಲ್ಲೇ ಮಂತ್ರ ಹೇಳುತ್ತ ಮನೆಯ ಸಂಗಡ ಸರಿದರು. ಇಷ್ಟು ಸಲೀಸಾಗಿ ದೋಷ ಪರಿಹಾರವಾದದ್ದನ್ನು ತಮ್ಮ ಆಯುಷ್ಯದಲ್ಲೇ ಕಂಡಿಲ್ಲವೆಂದು ಆಮೇಲೆ ಒಪ್ಪಿಕೊಂಡರು.

ನಂತರ ಹಾಲು. ಒಳಗೆ ಬೆಂಕಿ ಹಚ್ಚಬಾರದೆಂದು ಪೆಟ್ಟಿಗೆಯ ಮೇಲೆ ಬರೆದಿದೆ ಎಂದು ನಾನು ಕೂಗಿಕೊಂಡೆ. "ಬಸ್ಸಿನಾಗೂ ಬೀಡಿ ಸೇದಬಾರದು ಅಂತ ಬರದಿರತೈತಿ" ಎಂದ ಮಾವ. ಸಣ್ಣ ಒಲೆ ಹಚ್ಚಿದರು, ಹಿತ್ತಾಳೆಯ ಪಾತ್ರೆ ಇಟ್ಟರು. ಹಾಲು ಪೂರ್ವಕ್ಕೇ ಉಕ್ಕಿತು! ಎಲ್ಲರೂ ಕೈ ಮುಗಿದೆವು. ಮುಗಿದ ಕೈ ಇಳಿಸುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಒಲೆ ತಳದ ಬಟ್ಟೆಯೊಳಗೆ ಇಳಿದು, ಬಟ್ಟೆ ಕರಗಿ, ಜೋಳದ ರೊಟ್ಟಿಯಷ್ಟು ಅಗಲದ ತೂತಾಗಿತ್ತು. ಪಕ್ಕದ ಗೋಡೆಯೂ ಮುದುಡಿ ಬಾಯಿ ಬಿಟ್ಟಿತ್ತು. ಅಯ್ಯನವರು ಹೊರಗೆ ಹಾರಿ, ಧೋತರ ಕೊಡವಿಕೊಂಡು, ಆ ತೂತುಗಳನ್ನು ಗಂಭೀರವಾಗಿ ಪರಿಶೀಲಿಸಿ ಹೇಳಿದರು: "ಗಾಳಿ ಬೆಳಕಿಗೆ ಛಲೋ ಆತು."

ನಾವು ನಕ್ಕೆವು. ಮಾವ ನಗಲಿಲ್ಲ. ಕರಗಿದ ಗುಡಾರವನ್ನು, ಸುಟ್ಟ ಅಂಚುಗಳನ್ನು ಒಳಗೆ ಮಾಡಿ, ಜಾಗ್ರತೆಯಿಂದ ಮಡಚಿ ಚೀಲಕ್ಕೆ ಹಾಕಿದ. ಆಮೇಲೆ ಕೆಲವು ದಿನ ನಡಿಗೆಯ ಮಾತೇ ಎತ್ತಲಿಲ್ಲ. ಯಾರು ಯಾವುದರ ತೂಕ ಹೇಳಿದರೂ ಕೋಳಿಯ ಲೆಕ್ಕ ಹಾಕುತ್ತಿರಲಿಲ್ಲ. ಕಣ್ಣ ಕೆಳಗೆ ಕಪ್ಪಾಗಿತ್ತು. ಮಾತಿನ ಮಧ್ಯೆ ತೂಕಡಿಸುತ್ತಿದ್ದ, ಕೂಡಲೇ ಬೆಚ್ಚಿ ಏಳುತ್ತಿದ್ದ.

ಒಂದು ಬೆಳಿಗ್ಗೆ ಹೋದಾಗ ಮಾವ ಅಂಗಳದಲ್ಲಿ ಸುಮ್ಮನೆ ಕುಳಿತಿದ್ದ. ಅತ್ತೆ ನನ್ನನ್ನು ಅಡಿಗೆಮನೆಗೆ ಕರೆದಳು.

"ಲೇ ತಮ್ಮಾ, ಇನ್ನೊಂದು ತರಸು."

"ಅತ್ತಿ, ನೀನ ಹೇಳ್ತೀಯೇನು?"

"ರಾತ್ರಿ ಅವರು ಎದ್ದು ಕುಂತಿರ್ತಾರಲ್ಲ, ನಾನೂ ಎದ್ದಿರ್ತೀನಿ. ಕಣ್ಣು ಮುಚ್ಚಿರ್ತೀನಿ ಅಷ್ಟ." ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದಳು. "ಲಗ್ನ ಆದಾಗಿಂದ ನೋಡು, ಬಸ್ಸು ಬಿಟ್ಟು ಬರ್ತಿದ್ರು, ಜಳಕ ಮಾಡ್ತಿದ್ರು, ಉಣ್ತಿದ್ರು, ಹೋಗ್ತಿದ್ರು. ಆ ಮನಷ್ಯಾ ನಿಶ್ಚಿಂತಿಂದ ಮಲಗಿದ್ದು ನಾ ನೋಡೇ ಇಲ್ಲ. ಎಲ್ಲಿ ಬರತೈತೋ ಅಲ್ಲಿ ಮಲಗಲಿ. ಆದ್ರ ಒಬ್ಬರದು ಬ್ಯಾಡ. ಇಬ್ಬರದು ತರಸು."

ನಾನು ಮೊಬೈಲು ತೆಗೆದು ನೋಡಿದೆ. ಇಬ್ಬರ ಗುಡಾರ ಎರಡು ಕಿಲೋ ನಾನೂರು ಗ್ರಾಂ. ಅಂಗಳಕ್ಕೆ ಹೋಗಿ ಮಾವನಿಗೆ ಹೇಳಿದೆ. ತಾನು ಸಪ್ಪಗಾಗಿದ್ದೇನೆ ಎಂಬುದು ಅವನಿಗೆ ಆ ಕ್ಷಣ ಮರೆತುಹೋಯಿತು.

"ಒಂದೂವರಿ ಕೋಳಿ! ಮೂರರ ಲೆಕ್ಕದಾಗ ಕೂಡಂಗಿಲ್ಲಲೇ. ನನ್ನ ಮಣಕಾಲು ಏನಾಗಬೇಕು?"

ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ತಲಿ ಮ್ಯಾಲ ಒಂದು ಕೊಡ, ಬಗಲಾಗ ಒಂದು ಕೊಡ ನೀರು ಹೊತ್ತೀನಲ್ಲ ಇಷ್ಟು ವರ್ಷ, ಎಷ್ಟು ಕೋಳಿ ಅಂತ ಯಾವಾಗರ ಕೇಳೀರೇನು? ಬಟ್ಟಿ ನೀವು ಹೊರ್ರಿ. ಕಡ್ಡಿ, ಗೂಟ ನಾನು ಹೊರ್ತೀನಿ."

ಮಾವ ಬೆರಳು ಮಡಚಿ ಎಣಿಸಿದ. ಲೆಕ್ಕ ಸರಿಯಾಗಿತ್ತು.

ಮಾರ್ಗಶಿರದ ಒಂದು ಬೆಳಿಗ್ಗೆ ಇಬ್ಬರೂ ಕೂಡ್ಲಿಗಿಯಿಂದ ಕೊಟ್ಟೂರಿನ ದಿಕ್ಕಿಗೆ ಹೊರಟರು. ಮಾವನ ಬೆನ್ನಿಗೆ ಹೊಸ ಚೀಲ, ಅತ್ತೆಯ ಬೆನ್ನಿಗೆ ನನ್ನ ಕಾಲೇಜಿನ ಹಳೆಯ ಚೀಲ. ಮೊದಲ ದಿನ ಅರ್ಧ ದಾರಿ ನಡೆದು, ಮಾವನ ಜೊತೆ ದುಡಿದ ಡ್ರೈವರೊಬ್ಬರ ಹೊಲದ ಬದುವಿನಲ್ಲಿ ತಂಗುವುದು ಎಂದು ನಿಶ್ಚಯವಾಗಿತ್ತು. ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಸಂಜೆಯ ಹೊತ್ತಿಗೆ ಬೈಕ್ ಹತ್ತಿ ನೋಡಲು ಹೋದೆ.

ಮಾವ ಒಬ್ಬನೇ ರಸ್ತೆಯ ಪಕ್ಕ ನಿಂತಿದ್ದ. ಕಂಕುಳಲ್ಲಿ ಗುಡಾರದ ಬಟ್ಟೆಯ ಸುರುಳಿ. ಕಣ್ಣು ಬಂದ ದಾರಿಯ ಮೇಲೆ.

"ಅತ್ತಿ ಎಲ್ಲಿ ಮಾವಾ?"

"ಹಿಂದ ಅದಾಳ. ಹೊಲದಾಗಿನ ಹೆಣ್ಣುಮಕ್ಕಳನ್ನೆಲ್ಲ ಮಾತಾಡಿಸಿಕೋತ ಬರಾಕತ್ತಾಳ. ನಾನು ಬಂದು ತಾಸಾತು."

"ಹಂಗಾರ ನಾನು ನಾಲ್ಕು ಜಾಲಿ ಕೋಲು ಕಡಕೊಂಡು ಬರ್ತೀನಿ, ಬಟ್ಟಿ ಕಟ್ಟಿಬಿಡೋಣ. ಅಥವಾ ಬೈಕಿನ ಮ್ಯಾಲ ಹೋಗಿ ಕರಕೊಂಡು ಬರ್ಲೇನು?"

"ಬ್ಯಾಡ" ಎಂದ ಮಾವ. "ನಡಕೊಂಡ ಬರ್ಲಿ. ಕಾಯ್ತೀನಿ."

ನಾನೂ ಅವನ ಪಕ್ಕ ನಿಂತೆ. ಓಡಿಬರುವವರನ್ನು ಕನ್ನಡಿಯಲ್ಲಿ ಕಂಡರೂ ಸೀಟಿ ಊದಿ ಬಸ್ಸು ಬಿಡಿಸುತ್ತಿದ್ದ ಕಂಡಕ್ಟರ್ ಎಂದು ಈ ಭಾಗದಲ್ಲಿ ಅವನಿಗೆ ಹೆಸರು. ಎಷ್ಟು ನಿಜವೋ, ಪರೀಕ್ಷಿಸಲು ನನಗೆ ಅಂದು ಮನಸ್ಸಾಗಲಿಲ್ಲ. ಬಿಸಿಲು ಕೆಂಪಾಗುತ್ತಿತ್ತು. ದೂರದ ತಿರುವಿನಲ್ಲಿ ಅತ್ತೆ ಕಾಣಿಸಿದಳು. ಅವಸರವಿಲ್ಲದೆ, ಸೆರಗಿನಲ್ಲಿ ಯಾರೋ ಕೊಟ್ಟ ಅವರೆಕಾಯಿ ಕಟ್ಟಿಕೊಂಡು, ಚೀಲದೊಳಗೆ ಕಡ್ಡಿಗಳು ಖಣಖಣ ಎನ್ನುತ್ತ ಬಂದಳು. ಬಂದು ಬೆನ್ನಿನ ಚೀಲ ಇಳಿಸಿದಳು. ತಡವಾಯಿತೆಂದು ಮಾವ ಬೈಯಲಿಲ್ಲ. ಇಬ್ಬರೂ ಬಗ್ಗಿ ಕಡ್ಡಿ ಜೋಡಿಸಿದರು. ಗುಡಾರ ಎದ್ದು ನಿಂತಾಗ ಮಾವ ಬಾಗಿಲಿನ ಬಟ್ಟೆ ಎತ್ತಿ ಹಿಡಿದು, ಜನ್ಮದಲ್ಲಿ ಮೊದಲ ಸಲ ಹೆಂಡತಿಗೆ ಬಹುವಚನ ಹಚ್ಚಿ ಹೇಳಿದ:

"ಬರ್ರಿ, ಒಳಗ ಬರ್ರಿ. ಜಾಗ ಐತಿ."

ನಾನು ಬೈಕ್ ತಿರುಗಿಸಿದೆ.

ಮರುದಿನ ಬೆಳಿಗ್ಗೆ ಎಂಟಾದರೂ ಸುದ್ದಿಯಿಲ್ಲ. ನಾನೇ ಫೋನ್ ಮಾಡಿದೆ. ಬಹಳ ಹೊತ್ತಿನ ಮೇಲೆ ಅತ್ತೆ ಎತ್ತಿಕೊಂಡಳು. ಪಿಸುದನಿ. ಹಿಂದಿನಿಂದ ಗೊರ ಗೊರ ಸದ್ದು ಕೇಳುತ್ತಿತ್ತು. ಪಕ್ಕದ ಹೊಲದ ಟ್ರ್ಯಾಕ್ಟರ್ ಇದ್ದರೂ ಇರಬಹುದು, ನಾನು ಆಣೆ ಇಟ್ಟು ಹೇಳಲಾರೆ.

"ಅತ್ತಿ, ಇನ್ನೂ ಹೊಂಟಿಲ್ಲೇನು? ಮಾವಗ ಫೋನ್ ಕೊಡು."

"ಶ್! ಮಲಗ್ಯಾರ."

"ಎಂಟು ಗಂಟಿ ಆತಲ್ಲ, ಎಬ್ಬಸು. ಬಿಸಲಾಗತೈತಿ."

ಅತ್ತೆ ಇನ್ನೂ ಮೆಲ್ಲಗೆ ಹೇಳಿದಳು:

"ಆಗ್ಲಿ ಬಿಡು. ಇವತ್ತು ಯಾವ ಬಸ್ಸೂ ಬಿಡೋದಿಲ್ಲ."